ಹಟ್ಟಿ, ಬೂದಿ, ಕೊಡಲಿ: ನಮ್ಮ ನೆಲದ ಮೊದಲ ಒಕ್ಕಲುತನ

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಒಂದು ಹಳ್ಳಿಯ ಸಹಕಾರಿ ಸಂಘ ಇಪ್ಪತ್ತೈದು ವರ್ಷ ನಡೆಯುವುದು ಸಣ್ಣ ಮಾತಲ್ಲ. ಮಳೆ ಹೋದ ವರ್ಷವೂ ಇದ್ದವು, ಹೊಳೆ ಬಂದ ವರ್ಷವೂ ಇದ್ದವು. ಸಾಲ ಕೊಟ್ಟು, ಬೀಜ ಗೊಬ್ಬರ ಹಂಚಿ, ವಸೂಲಿ ಮಾಡಿ, ಲೆಕ್ಕ ಬರೆದು, ಆಡಿಟ್ ಮಾಡಿಸಿ ಸಂಘವನ್ನು ಇಲ್ಲಿಯ ತನಕ ತಂದವರಿಗೆ ಮೊದಲು ಅಭಿನಂದನೆ ಸಲ್ಲಿಸುತ್ತೇನೆ. ಸಹಕಾರದ ಮಾತು ಬಂದಾಗ ನಾವು 1905ನೇ ಇಸವಿಯನ್ನು ನೆನೆಯುತ್ತೇವೆ. ಆ ವರ್ಷ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘ ದೇಶಕ್ಕೇ ದಾರಿ ತೋರಿಸಿತು. ಅದರ ಬಗ್ಗೆ ಇಲ್ಲಿ ಬಲ್ಲವರು ಮಾತಾಡಿದ್ದಾರೆ. ನಾನು ನಿಮ್ಮನ್ನು ಇನ್ನೂ ಹಿಂದಕ್ಕೆ ಕರೆದುಕೊಂಡು ಹೋಗುವವನಿದ್ದೇನೆ. ಎಷ್ಟು ಹಿಂದಕ್ಕೆ? ಈಗ ಆಚರಿಸುತ್ತಿರುವಂಥ ನೂರಾ ಅರವತ್ತು ಬೆಳ್ಳಿ ಹಬ್ಬಗಳಷ್ಟು ಹಿಂದಕ್ಕೆ. ಅಂದರೆ ನಾಲ್ಕು ಸಾವಿರ ವರ್ಷ.

ಅಷ್ಟು ಹಿಂದೆ ಇಲ್ಲಿ ಯಾರಿದ್ದರು, ಬರೀ ಕಾಡು ಇತ್ತು ಅಂತ ನೀವು ಕೇಳಬಹುದು. ಇದ್ದರು ನೋಡ್ರಿ. ನಮ್ಮ ಪಕ್ಕದ ತೇರದಾಳದಲ್ಲೇ ಇದ್ದರು. ಅಲ್ಲಿ ನವಶಿಲಾಯುಗದ, ಅಂದರೆ ಹೊಸ ಶಿಲಾಯುಗದ ಜನರ ನೆಲೆ ಸಿಕ್ಕಿದೆ. ಆ ನೆಲೆಯ ಸಾಮಗ್ರಿಯನ್ನು ಇಂಗಾಲದ ಪರೀಕ್ಷೆಗೆ ಒಳಪಡಿಸಿದಾಗ ಬಂದ ಕಾಲ ಹೆಚ್ಚು ಕಡಿಮೆ ಈಗ ಹೇಳಿದ ನಾಲ್ಕು ಸಾವಿರ ವರ್ಷವೇ. ದಕ್ಷಿಣ ಭಾರತದ ಹಳೆಯ ಒಕ್ಕಲುತನದ ಪುಸ್ತಕಗಳಲ್ಲಿ ಕೊಡೇಕಲ್, ಉಟ್ನೂರು, ತೆಕ್ಕಲಕೋಟೆ, ಸಂಗನಕಲ್ಲು, ಹಳ್ಳೂರುಗಳ ಸಾಲಿನಲ್ಲಿ ತೇರದಾಳದ ಹೆಸರೂ ಅಚ್ಚಾಗಿದೆ. ಅಲ್ಲಮಪ್ರಭು ದೇವರ ಗುಡಿಗೆ, ಜೈನ ಬಸದಿಗೆ ಹೆಸರಾದ ಊರು ಅದು ಅಂತ ನಮಗೆಲ್ಲ ಗೊತ್ತು. ಅದಕ್ಕಿಂತ ಮೂರು ಸಾವಿರ ವರ್ಷ ಮೊದಲೇ ಅಲ್ಲಿ ಒಲೆ ಉರಿದಿತ್ತು ಅನ್ನುವುದು ಮಾತ್ರ ನಮ್ಮ ಸಾಲಿಯ ಮಕ್ಕಳಿಗೆ ಇನ್ನೂ ಗೊತ್ತಿಲ್ಲ.

ಶಿಲಾಯುಗ ಎಂದೊಡನೆ ಎಲೆ ಸುತ್ತಿಕೊಂಡು ಬೇಟೆಯಾಡುವ ಮನುಷ್ಯ ಕಣ್ಣ ಮುಂದೆ ಬರುತ್ತಾನೆ. ಅವನು ಬಹಳ ಹಳಬ. ಬೀಳಗಿ ತಾಲೂಕಿನ ಅನಗವಾಡಿಯಲ್ಲಿ ಘಟಪ್ರಭೆಯ ದಂಡೆಗೆ ಸಿಕ್ಕ ಒರಟು ಕಲ್ಲಿನ ಕೈಗೊಡಲಿಗಳು ಅವನವು. ಅವನು ಬಿತ್ತಲಿಲ್ಲ, ದನ ಕಟ್ಟಲಿಲ್ಲ. ನಾನು ಹೇಳುತ್ತಿರುವುದು ಅವನಿಗಿಂತ ಬಹಳ ಈಚಿನವರ ಮಾತು. ಇವರ ಕೈಯಲ್ಲೂ ಕಲ್ಲಿನ ಆಯುಧವೇ ಇತ್ತು. ಆದರೆ ಇವರು ಕಾಳು ಬಿತ್ತಿದರು, ಹಿಂಡು ಸಾಕಿದರು, ಗಡಿಗೆ ಮಾಡಿದರು, ಗುಡಿಸಲು ಹಾಕಿ ಒಂದು ಕಡೆ ನೆಲೆ ನಿಂತರು. ಈ ಬದಲಾವಣೆಗೆ ಗಾರ್ಡನ್ ಚೈಲ್ಡ್ ಎಂಬ ವಿದ್ವಾಂಸರು ನವಶಿಲಾಯುಗದ ಕ್ರಾಂತಿ ಅಂತಲೇ ಹೆಸರಿಟ್ಟರು. ಪಶ್ಚಿಮ ಏಷ್ಯಾದಲ್ಲಿ ಅದು ಹತ್ತು ಸಾವಿರ ವರ್ಷಕ್ಕೂ ಹಿಂದೆ ಶುರುವಾಯಿತು. ಈಗ ಪಾಕಿಸ್ತಾನದಲ್ಲಿರುವ ಮೆಹರ್‌ಗಢದಲ್ಲಿ ಕ್ರಿ.ಪೂ. 7000ದ ಹೊತ್ತಿಗೆ ಬಂತು. ನಮ್ಮ ಕೃಷ್ಣಾ ತುಂಗಭದ್ರಾ ಸೀಮೆಯಲ್ಲಿ ಸುಮಾರು ಕ್ರಿ.ಪೂ. 3000ದಿಂದ ಕ್ರಿ.ಪೂ. 1200ರ ತನಕ ಈ ಜನರ ಕಾಲ.

ಇವರು ಅಕ್ಷರ ಬರೆದವರಲ್ಲ. ಹಾಗಾದರೆ ಇವರ ಸಂಗತಿ ನಮಗೆ ಗೊತ್ತಾಗಿದ್ದು ಹೇಗೆ? ಮುಖ್ಯವಾಗಿ ಬೂದಿಯಿಂದ.

ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಕಡೆ ತಿರುಗಾಡಿದವರು ಬೂದಿದಿಬ್ಬಗಳನ್ನು ನೋಡಿರಬಹುದು. ಕೆಲವು ಆಳೆತ್ತರ ಇದ್ದರೆ ಕೆಲವು ಮನೆಗಿಂತ ಎತ್ತರ. ಇಂಥವು ನೂರಕ್ಕೂ ಹೆಚ್ಚು ಗೊತ್ತಾಗಿವೆ. ಬಳ್ಳಾರಿ ಹೊಸಪೇಟೆ ನಡುವಿನ ಕುಡತಿನಿಯದು ಬಹಳ ಹೆಸರಾದದ್ದು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ತೋರಿಸಿ ವಾಲಿಯನ್ನು ಸುಟ್ಟ ಬೂದಿ ಇದು ಅಂತ ಜನ ಹೇಳುತ್ತಾರೆ. ಇನ್ನು ಕೆಲವು ಕಡೆ ರಾಕ್ಷಸರ ಬೂದಿ ಅನ್ನುತ್ತಾರೆ. ಇಂಗ್ಲಿಷರ ಕಾಲದ ಅಧಿಕಾರಿಗಳು ಜ್ವಾಲಾಮುಖಿ ಇರಬೇಕೇನೋ, ಕಬ್ಬಿಣ ಕರಗಿಸಿದ ಕಿಟ್ಟ ಇರಬೇಕೇನೋ ಅಂತ ತಲೆ ಕೆಡಿಸಿಕೊಂಡರು. ಕೊನೆಗೆ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಹತ್ತೊಂಬತ್ತನೇ ಶತಮಾನದಲ್ಲಿ ಇದು ದನದ ಹೆಂಡಿ ಸುಟ್ಟ ಬೂದಿ ಎಂದು ಗುರುತು ಹಿಡಿದರು. ಅವರು 1863ರಲ್ಲಿ ಮದರಾಸಿನ ಹತ್ತಿರ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಮೊದಲು ಗುರುತಿಸಿದವರು. ಸುತ್ತಲೂ ಕಲ್ಲಿನ ಕೊಡಲಿಗಳೂ ಬೋಕಿಗಳೂ ಸಿಕ್ಕಿದ್ದರಿಂದ ಇದು ಶಿಲಾಯುಗದವರ ಕೆಲಸ ಎಂಬುದೂ ಅವರಿಗೆ ತಿಳಿಯಿತು.

ಆದರೂ ಸಂಶಯ ಉಳಿದಿತ್ತು. 1957ರಲ್ಲಿ ಎಫ್.ಆರ್. ಆಲ್ಚಿನ್ ಎಂಬ ವಿದ್ವಾಂಸರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಒಂದು ದಿಬ್ಬವನ್ನು ಅಗೆಸಿದರು. ಬೂದಿಯ ಪದರಗಳ ನಡುವೆ ಕಂಬ ನೆಟ್ಟ ಕುಣಿಗಳು ಸಾಲಾಗಿ ಬಂದವು. ಅದು ಬೇಲಿ. ಬೇಲಿಯ ಒಳಗಿನ ನೆಲದ ಮೇಲೆ ದನದ ಗೊರಸಿನ ಗುರುತುಗಳು ಮೂಡಿದ್ದವು. ನಿನ್ನೆ ಮಳೆಯಲ್ಲಿ ದನ ತುಳಿದ ರಾಡಿಯಲ್ಲಿ ಗೊರಸು ಮೂಡುತ್ತದಲ್ಲ, ಹಾಗೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ದನದ ಹೆಜ್ಜೆ ಅವು. ಅಲ್ಲಿಗೆ ಬೂದಿದಿಬ್ಬ ಅಂದರೆ ದೊಡ್ಡಿ ಎಂಬುದು ಗಟ್ಟಿಯಾಯಿತು.

ಕನ್ನಡದಲ್ಲಿ ದನ ಕೂಡುವ ಜಾಗಕ್ಕೆ ಹಟ್ಟಿ ಅನ್ನುತ್ತೇವೆ. ಜನ ಇರುವ ಸಣ್ಣ ಊರಿಗೂ ಹಟ್ಟಿ ಅನ್ನುತ್ತೇವೆ. ನಮ್ಮ ಬನಹಟ್ಟಿಯ ಹೆಸರಿನೊಳಗೂ ಆ ಶಬ್ದ ಕೂತಿದೆ. ನಮ್ಮ ಊರಿನ ಹೆಸರು ಶಿಲಾಯುಗದ್ದು ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿರಿ. ದನದ ಹಟ್ಟಿಯ ಸುತ್ತ ಮನುಷ್ಯರ ಹಟ್ಟಿ ಬೆಳೆಯಿತು ಎಂಬ ಸಂಗತಿಯನ್ನು ಭಾಷೆ ಒಂದು ಶಬ್ದದಲ್ಲಿ ಹಿಡಿದಿಟ್ಟಿದೆ ಅಷ್ಟೇ. ಭೂಮಿ ಅಗೆದವರೂ ಅದನ್ನೇ ಕಂಡರು. ಈಗಿನ ಯಾದಗಿರಿ ಜಿಲ್ಲೆಯ ಶೋರಾಪುರ ಸೀಮೆಯಲ್ಲಿ ಬೂದಿಹಾಳ ಎಂಬ ಊರಿದೆ. ಅಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1989ರಿಂದ ಹಲವು ವರ್ಷ ಉತ್ಖನನ ನಡೆಸಿದರು. ಬೂದಿದಿಬ್ಬಕ್ಕೆ ಹತ್ತಿಕೊಂಡೇ ಜನ ಇದ್ದ ವಸತಿ ಸಿಕ್ಕಿತು. ದನದ ದೊಡ್ಡಿ, ಕಲ್ಲಿನ ಚಾಕು ಮಾಡುವ ಜಾಗ, ಊರಿನವರು ಕೂಡಿ ಮಾಂಸ ಕಡಿದು ಹಂಚಿಕೊಂಡಿರಬಹುದಾದ ನೆಲ, ಸಣ್ಣ ಮಕ್ಕಳು ತೀರಿಕೊಂಡಾಗ ಗಡಿಗೆಯಲ್ಲಿ ಇಟ್ಟು ಮಣ್ಣು ಮಾಡಿದ ಗುರುತು, ಎಲ್ಲ ಒಂದೇ ಕಡೆ ಕಂಡವು. ಇವರು ಬರೀ ದನದ ಹಿಂದೆ ಅಲೆಯುವವರಲ್ಲ, ಹುಟ್ಟು ಸಾವು ಎಲ್ಲ ಅಲ್ಲೇ ಕಂಡವರು ಎಂಬುದು ಅದರಿಂದ ಸ್ಪಷ್ಟವಾಯಿತು.

ಇಲ್ಲಿ ಕೂತ ರೈತರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬೇಕು. ಇಷ್ಟು ಹೆಂಡಿ ಗುಡ್ಡೆ ಹಾಕಿ ಸುಟ್ಟರಲ್ಲ, ಬಂಗಾರದಂಥ ತಿಪ್ಪೆಗೊಬ್ಬರ ಹಾಳು ಮಾಡಿದರಲ್ಲ, ಯಾಕೆ? ಪಂಡಿತರೂ ಇದನ್ನೇ ಕೇಳಿಕೊಂಡಿದ್ದಾರೆ. ಬೂದಿ ಕೆಲವು ಕಡೆ ಗಾಜಿನ ಹಾಗೆ ಕರಗಿ ಗಟ್ಟಿಯಾಗಿದೆ. ಅಂದರೆ ಬೆಂಕಿ ಬಹಳ ಜೋರಾಗಿತ್ತು. ಆಲ್ಚಿನ್ ಅವರ ಪ್ರಕಾರ ವರ್ಷದ ನಿಶ್ಚಿತ ಹಬ್ಬಗಳಲ್ಲಿ ಹಾಕಿದ ಬೆಂಕಿ ಅದು. ಹೋಳಿಯ ಬೆಂಕಿ, ಸಂಕ್ರಾಂತಿಗೆ ಹಳೆ ಮೈಸೂರು ಸೀಮೆಯಲ್ಲಿ ದನಕ್ಕೆ ಕಿಚ್ಚು ಹಾಯಿಸುವುದು, ಇವುಗಳನ್ನು ಅವರು ನೆನಪಿಗೆ ತಂದುಕೊಂಡರು. ದೊಡ್ಡಿಯಲ್ಲಿ ಕೂಡಿದ ಹೆಂಡಿ ಕಸವನ್ನು ಆಗಾಗ ಒಂದು ಕಡೆ ಹಾಕಿ ಸುಟ್ಟದ್ದು ಎಂದು ಹೇಳುವವರೂ ಇದ್ದಾರೆ. ಎರಡೂ ಇದ್ದಿರಬಹುದು. ಒಂದಂತೂ ಖರೆ. ಅಷ್ಟು ದೊಡ್ಡ ದಿಬ್ಬ ಒಂದು ಮನೆಯವರ ಕೆಲಸ ಅಲ್ಲ. ಹಲವು ಮನೆಯ ದನ ಒಂದು ಬೇಲಿಯೊಳಗೆ ಕೂಡಬೇಕು, ಹಲವು ಮನೆಯವರು ಕೂಡಿ ಬೆಂಕಿ ಹಾಕಬೇಕು, ಅದನ್ನೇ ಮಕ್ಕಳು ಮೊಮ್ಮಕ್ಕಳು ನಡೆಸಿಕೊಂಡು ಹೋಗಬೇಕು. ಅವರಿಗೆ ಬೈಲಾ ಇರಲಿಲ್ಲ, ಠರಾವು ಪುಸ್ತಕ ಇರಲಿಲ್ಲ. ಆದರೆ ಕೂಡಿ ಬಾಳುವ ಕಟ್ಟಳೆ ಏನೋ ಒಂದು ಇದ್ದೇ ಇರಬೇಕು. ಇಲ್ಲದಿದ್ದರೆ ಆ ದಿಬ್ಬ ಏಳುತ್ತಿರಲಿಲ್ಲ.

ಇನ್ನು ಅವರು ಬಿತ್ತಿದ್ದು ಏನು? ಇದನ್ನು ಕಂಡುಹಿಡಿಯುವ ಉಪಾಯ ಬಹಳ ಸರಳ ಐತಿ. ಹಳೆಯ ವಸತಿಯ ಮಣ್ಣನ್ನು ನೀರಿನಲ್ಲಿ ಕಲಸುತ್ತಾರೆ. ಮಣ್ಣು ಕೆಳಗೆ ಕೂಡುತ್ತದೆ. ಅಂದು ಒಲೆಯಲ್ಲಿ ಬಿದ್ದು ಕರಿಯಾದ ಕಾಳು ಇದ್ದಿಲಿನ ಜೊತೆ ಮೇಲೆ ತೇಲುತ್ತದೆ. ಅದನ್ನು ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಲಂಡನ್ನಿನ ಡೋರಿಯನ್ ಫುಲ್ಲರ್ ಹಾಗೂ ಅವರ ಸಂಗಡಿಗರು ನಮ್ಮ ರಾಜ್ಯದ ಹಲವು ನೆಲೆಗಳಲ್ಲಿ ಈ ಕೆಲಸ ಮಾಡಿದ್ದಾರೆ. ಅವರಿಗೆ ಮತ್ತೆ ಮತ್ತೆ ಸಿಕ್ಕಿದ್ದು ನಾಲ್ಕು ಬೆಳೆ: ಹುರುಳಿ, ಹೆಸರು, ಕೊರಲೆ, ಮತ್ತು ನವಣೆಯ ಜಾತಿಗೆ ಸೇರಿದ ಒಂದು ಸಣ್ಣ ಹುಲ್ಲಿನ ಕಾಳು. ನಾಲ್ಕೂ ಮುಂಗಾರಿನ ಮಳೆಗೆ ಬರುವಂಥವು. ನಾಲ್ಕೂ ಈ ದೇಶದ ನೆಲದಲ್ಲೇ ಕಾಡಾಗಿ ಬೆಳೆಯುತ್ತಿದ್ದಂಥವು. ಅಂದರೆ ನಮ್ಮ ಹಿಂದಿನವರು ಬೇಸಾಯವನ್ನು ಪೂರಾ ಹೊರಗಿನಿಂದ ಎರವಲು ತಂದವರಲ್ಲ. ತಮ್ಮ ಕಾಲಡಿಯ ಹುಲ್ಲನ್ನು, ಬಳ್ಳಿಯನ್ನು ನೋಡಿ, ಆರಿಸಿ, ಬೆಳೆ ಮಾಡಿದರು. ಗೋದಿ ಮತ್ತು ಜವೆಗೋದಿ ಉತ್ತರದ ಕಡೆಯಿಂದ ಆಮೇಲೆ ಬಂದವು. ಅವು ಹಿಂಗಾರಿ ಬೆಳೆ, ಎಲ್ಲ ಊರಲ್ಲೂ ಹಿಡಿಯಲಿಲ್ಲ.

ತಾಯಂದಿರು ಕೇಳಬಹುದು, ಜೋಳ ಎಲ್ಲಿ? ಆ ಮೊದಲಿನವರ ಒಲೆಯ ಮೇಲೆ ಜೋಳದ ರೊಟ್ಟಿ ಇರಲಿಲ್ಲ. ಜೋಳವೂ ಸಜ್ಜೆಯೂ ಆಫ್ರಿಕಾ ಖಂಡದಲ್ಲಿ ಹುಟ್ಟಿ ನಮ್ಮಲ್ಲಿಗೆ ಆಮೇಲೆ ಬಂದ ಬೆಳೆಗಳು. ಮೆಣಸಿನಕಾಯಿ, ಶೇಂಗಾ, ಗೋವಿನಜೋಳ ಇನ್ನೂ ಈಚಿನವು. ಪೋರ್ಚುಗೀಸರು ಈ ದೇಶಕ್ಕೆ ಬಂದ ಮೇಲೆ ಅಮೆರಿಕಾದಿಂದ ಬಂದದ್ದು. ರೊಟ್ಟಿ ಮೇಲಿನ ಶೇಂಗಾ ಚಟ್ನಿ ಪರದೇಶದ್ದು, ಬದಿಗಿಟ್ಟ ಹುರುಳಿ ಕಾಳಿನ ಪಲ್ಯ ಈ ನೆಲದ ಹಿರೇಮಗ. ನಾವು ಹುರುಳಿಯನ್ನು ಎತ್ತಿನ ಮೇವು ಅಂತ ಸಸಾರ ಮಾಡುತ್ತೇವೆ. ಕಡಿಮೆ ಮಳೆಗೆ, ಬಡ ಭೂಮಿಗೆ ಬರುವ ಆ ಕಾಳು ನಾಲ್ಕೂವರೆ ಸಾವಿರ ವರ್ಷ ಜನರನ್ನು ಬರಗಾಲದಿಂದ ಎತ್ತಿದೆ ಎಂಬುದನ್ನು ಕಬ್ಬೊಂದನ್ನೇ ನಂಬಿದ ನಾವು ನೆನಪಿಡಬೇಕು.

ಅವರ ಸಾಮಾನುಗಳ ಮಾತಿಗೆ ಬರುತ್ತೇನೆ. ಮೊದಲನೆಯದು ಕಲ್ಲಿನ ಕೊಡಲಿ. ಬಳ್ಳಾರಿ ಹತ್ತಿರದ ಸಂಗನಕಲ್ಲು ಕುಪ್ಪಗಲ್ಲು ಗುಡ್ಡಗಳಲ್ಲಿ ಕಣಶಿಲೆಯ ಬಂಡೆಗಳ ನಡುವೆ ಕರಿ ಕಲ್ಲಿನ ಪಟ್ಟಿ ಹಾಯ್ದಿದೆ. ಆ ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ ಆಕಾರ ತಂದು, ಸಣ್ಣಗೆ ಕುಟ್ಟಿ, ಕೊನೆಗೆ ಬಂಡೆಯ ಮೇಲೆ ನೀರು ಹಾಕಿ ತಿಕ್ಕಿ ತಿಕ್ಕಿ ಬಾಯಿ ಚೂಪು ಮಾಡುತ್ತಿದ್ದರು. ತಿಕ್ಕಿದ ತಗ್ಗುಗಳು ಬಂಡೆಯ ಮೇಲೆ ಈಗಲೂ ಕಾಣುತ್ತವೆ. ಹಿರೇಗುಡ್ಡದಲ್ಲಿ ಇಂಥ ಚಕ್ಕೆಗಳು ರಾಶಿ ರಾಶಿಯಾಗಿ ಬಿದ್ದಿದ್ದವು. ಒಂದು ಊರಿಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಕೊಡಲಿ ಅಲ್ಲಿ ತಯಾರಾಗುತ್ತಿದ್ದವು. ಉಳಿದ ಊರುಗಳಿಗೂ ಅಲ್ಲಿಂದ ಹೋಗುತ್ತಿದ್ದವು. ರೊಕ್ಕ ಇನ್ನೂ ಹುಟ್ಟಿರಲಿಲ್ಲ, ಕೊಡು ಕೊಳ್ಳುವಿಕೆ ಹುಟ್ಟಿತ್ತು.

ಎರಡನೆಯದು ಗಡಿಗೆ. ಹೆಚ್ಚಿನವು ಬೂದು ಬಣ್ಣದವು, ಕೈಯಿಂದಲೇ ಮಾಡಿದಂಥವು, ಕಲ್ಲಿನಿಂದ ಉಜ್ಜಿ ಹೊಳಪು ಕೊಟ್ಟಂಥವು. ಮೂರನೆಯದು ಅರೆಯುವ ಕಲ್ಲು. ಈಗಿನ ಗುಂಡು ಬೀಸುಕಲ್ಲು ಅಲ್ಲ. ನಡುವೆ ತಗ್ಗು ಬಿದ್ದ ಹಾಸುಕಲ್ಲಿನ ಮೇಲೆ ಇನ್ನೊಂದು ಕಲ್ಲನ್ನು ಹಿಂದೆ ಮುಂದೆ ಎಳೆಯಬೇಕು. ಕಲ್ಲು ಅಷ್ಟು ಸವೆಯಬೇಕಾದರೆ ಎಷ್ಟು ತೋಳು ನೋಯ್ದಿರಬೇಕು ಯೋಚಿಸಿರಿ. ಮನೆ ಅಂದರೆ ಬಂಡೆಯ ಆಸರೆಯಲ್ಲಿ ಕಟ್ಟಿದ ದುಂಡನೆಯ ಗುಡಿಸಲು. ಎಂ.ಎಸ್. ನಾಗರಾಜರಾಯರು ಮತ್ತು ಕೆ.ಸಿ. ಮಲ್ಹೋತ್ರಾ ಅವರು 1963-64ರಲ್ಲಿ ತೆಕ್ಕಲಕೋಟೆಯಲ್ಲಿ ಅಗೆದಾಗ ಇಂಥ ಮನೆಗಳ ನೆಲ ಸಿಕ್ಕಿತು, ಜೊತೆಗೆ ಒಂದಿಷ್ಟು ತಾಮ್ರ, ಬಂಗಾರದ ಕಿವಿಯ ಆಭರಣವೂ ಸಿಕ್ಕಿತು. ಕಲ್ಲಿನ ಕೊಡಲಿ ಹಿಡಿದ ಮನೆಯಲ್ಲೂ ಮಗಳಿಗೆ ಬಂಗಾರ ಬೇಕೇ ಬೇಕಿತ್ತು ಅಂತಾತು. ಇಂಥ ನೆಲೆಗಳ ಎಲುಬುಗಳನ್ನು ಪರೀಕ್ಷೆ ಮಾಡಿದವರು ಪಶುವೈದ್ಯರಾದ ಡಾ. ಕೆ.ಆರ್. ಆಲೂರರು. ಎತ್ತಿಗೆ ಔಷಧ ಕೊಡುವ ವಿದ್ಯೆ ಇತಿಹಾಸಕ್ಕೂ ಉಪಯೋಗಕ್ಕೆ ಬಂತು. ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ದನದ ಎಲುಬೇ. ರಾಯಚೂರು ಜಿಲ್ಲೆಯ ಪಿಕ್ಲಿಹಾಳದಲ್ಲಿ ಡುಬ್ಬದ ಎತ್ತಿನ ಮಣ್ಣಿನ ಗೊಂಬೆ ಸಿಕ್ಕಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ ಪೂಜಿಸುವ ನಮಗೆ ಅದನ್ನು ಗುರುತು ಹಿಡಿಯಲು ಯಾವ ಪಂಡಿತನೂ ಬೇಕಾಗಿಲ್ಲ. ಆದರೂ ಅದೇ ಹಬ್ಬ ಆಗಲೂ ಇತ್ತು ಎಂದು ಹೇಳಲು ಆಧಾರ ಸಾಲದು. ಎತ್ತಿನ ಮೇಲಿನ ಅಕ್ಕರೆ ಇತ್ತು ಅನ್ನುವಷ್ಟು ಮಾತ್ರ ಹೇಳಬಹುದು.

ನೇಕಾರ ಬಾಂಧವರಿಗೂ ಒಂದು ಮಾತು ಇದೆ. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಈ ಕಾಲ ಮುಗಿದು ಕಬ್ಬಿಣ ಬಂದ ಹೊತ್ತಿಗೆ, ಸುಮಾರು ಕ್ರಿ.ಪೂ. 900ರ ಪದರದಲ್ಲಿ, ಹತ್ತಿ ಮತ್ತು ಅಗಸೆಯ ಗುರುತು ದೊರೆತಿವೆ. ಅಗಸೆ ಎಣ್ಣೆಗೂ ಬರುತ್ತದೆ, ನಾರಿಗೂ ಬರುತ್ತದೆ. ರಬಕವಿ ಬನಹಟ್ಟಿಯ ಮಗ್ಗದ ಸಪ್ಪಳಕ್ಕೆ ನೂರಾರು ವರ್ಷದ ಹೆಸರಿರಬಹುದು. ಕರ್ನಾಟಕದ ನೆಲದಲ್ಲಿ ಹತ್ತಿಯ ಹೆಸರು ಮೂರು ಸಾವಿರ ವರ್ಷದ ಹತ್ತಿರ ಹೋಗುತ್ತದೆ.

ಬಂಧುಗಳೇ, ಇದೆಲ್ಲ ಕೇಳಲು ಚಂದ. ಆದರೆ ನಾನು ಇವತ್ತು ಬಂದದ್ದು ಬರೀ ಚಂದದ ಮಾತು ಹೇಳಲು ಅಲ್ಲ. ಈ ಇತಿಹಾಸಕ್ಕೆ ಬೇರೆ ಪ್ರತಿ ಇಲ್ಲ. ಸಂಘದ ಲೆಡ್ಜರು ಕಳೆದರೆ ಡಿಸಿಸಿ ಬ್ಯಾಂಕಿನಲ್ಲಿ ಇನ್ನೊಂದು ಲೆಕ್ಕ ಸಿಕ್ಕೀತು. ಮಣ್ಣಿನ ಪದರ ಒಮ್ಮೆ ಕಲಸಿ ಹೋದರೆ ಮುಗಿಯಿತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವ ಸಾಕ್ಷಿಯೇ ಆ ಪದರ. ಬೂದಿದಿಬ್ಬಗಳ ಬೂದಿಯನ್ನು ಗೊಬ್ಬರಕ್ಕೆಂದು ಗಾಡಿಗಟ್ಟಲೆ ಒಯ್ದ ಊರುಗಳಿವೆ. ಸಂಗನಕಲ್ಲಿನ ಗುಡ್ಡಗಳನ್ನು ಕಲ್ಲುಗಣಿಯವರು ಕಡಿದು, ಎಷ್ಟೋ ಗುರುತುಗಳು ಜಲ್ಲಿಯಾಗಿ ಹೋದವು. ನಮ್ಮ ಕಡೆ ಕಥೆ ಬೇರೆ. ಇಲ್ಲಿ ಕಾಲುವೆ ಬಂತು, ಹಿಪ್ಪರಗಿ ಬ್ಯಾರೇಜು ಬಂತು, ಆಲಮಟ್ಟಿಯ ಹಿನ್ನೀರು ಬಂತು, ಕಬ್ಬು ಬಂತು. ಬಂದದ್ದು ಒಳ್ಳೆಯದೇ. ಏರು ತಗ್ಗು ಇದ್ದ ಹೊಲವನ್ನು ಜೆಸಿಬಿ ಒಂದು ದಿನದಲ್ಲಿ ಸಪಾಟು ಮಾಡುತ್ತದೆ. ಎತ್ತಿನ ನೇಗಿಲು ಒಂದು ಗೇಣು ಮಣ್ಣು ಮಗುಚುತ್ತಿತ್ತು, ಈ ಯಂತ್ರ ಆಳೆತ್ತರ ಮಗುಚುತ್ತದೆ. ಅದಕ್ಕೆ ಸಾಲ ಕೊಡುವುದು ನಮ್ಮಂಥ ಸಂಘಗಳು, ಬ್ಯಾಂಕುಗಳು. ಹೀಗಾಗಿ ಈ ಮಾತನ್ನು ಹೇಳಲು ಇದಕ್ಕಿಂತ ಸರಿಯಾದ ಸಭೆ ನನಗೆ ಸಿಗಲಾರದು.

ಹೊಲ ಸಮ ಮಾಡಬೇಡಿರಿ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಲು ನನಗೆ ಅಧಿಕಾರವೂ ಇಲ್ಲ, ಒಕ್ಕಲುತನ ಮಾಡುವವರ ಹೊಟ್ಟೆಯ ಪಾಡು ನನಗೂ ಗೊತ್ತು. ನಾಲ್ಕು ಸಣ್ಣ ಕೆಲಸ ಮಾಡಬಹುದು.

ಒಂದು, ಹೊಲದಲ್ಲಿ ಬೂದು ಮಣ್ಣಿನ ದಿಬ್ಬ, ದಪ್ಪ ಬೋಕಿಗಳ ರಾಶಿ, ನುಣುಪಾದ ಕರಿ ಕಲ್ಲಿನ ಕೊಡಲಿ, ಗಡಿಗೆಯಲ್ಲಿ ಎಲುಬು, ಇಂಥವು ಕಂಡರೆ ಆ ಒಂದು ತುಂಡು ಜಾಗದ ಕೆಲಸ ನಾಲ್ಕು ದಿನ ತಡೆಯಿರಿ. ಎರಡು, ಸಿಕ್ಕಿದ್ದನ್ನು ತೊಳೆಯಬೇಡಿರಿ, ಕಿತ್ತು ಮನೆಗೆ ಒಯ್ಯಬೇಡಿರಿ. ಇದ್ದಲ್ಲೇ ಫೋಟೋ ತೆಗೆಯಿರಿ. ಗಡಿಗೆಗೆ ಅಂಟಿದ ಮಣ್ಣಿನಲ್ಲೇ ಕಾಳು ಇರಬಹುದು. ಮೂರು, ಸಂಘದ ಕಚೇರಿಯಲ್ಲಿ ಒಂದು ವಹಿ ಇಡೋಣ. ಸರ್ವೆ ನಂಬರು, ತಾರೀಖು, ಏನು ಕಂಡಿತು, ಎಷ್ಟು ಆಳದಲ್ಲಿ, ಇಷ್ಟೇ ಬರೆದರೆ ಸಾಕು. ಬೆಳೆಸಾಲದ ಅರ್ಜಿ ಬರೆಯುವ ಕೈಗೆ ಇದು ಭಾರ ಅಲ್ಲ. ನಾಲ್ಕು, ತಹಶೀಲದಾರರ ಮೂಲಕ ರಾಜ್ಯದ ಪುರಾತತ್ವ ಇಲಾಖೆಗೆ ಒಂದು ಕಾಗದ ಹಾಕೋಣ, ಧಾರವಾಡದ ವಿಶ್ವವಿದ್ಯಾಲಯಕ್ಕೂ ತಿಳಿಸೋಣ. ನೆಲದಲ್ಲಿ ಸಿಕ್ಕ ಬೆಲೆಬಾಳುವ ವಸ್ತುವನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರಷ್ಟು ಹಿಂದಿನ ಕಾಯಿದೆಯೇ ಹೇಳಿತ್ತು. ಇವನ್ನು ಕದ್ದು ಮಾರುವವರ ಮಾತಿಗೆ ಮರುಳಾಗಬೇಡಿರಿ.

ಕೆಲವರು ಹೆದರುತ್ತಾರೆ. ಬೋಕಿ ಸಿಕ್ಕಿತು ಅಂತ ಹೇಳಿದರೆ ಸರಕಾರ ಹೊಲ ಕಸಿದುಕೊಂಡೀತು ಅಂತ. ಒಂದು ಬೋಕಿಗೆ, ಒಂದು ಕಲ್ಲಿಗೆ ಯಾರೂ ಹೊಲ ಕಸಿಯುವುದಿಲ್ಲ. ಹೆದರಿಕೆಯಿಂದ ರಾತ್ರೋರಾತ್ರಿ ದಿಬ್ಬ ಬಳಿದು ಹಾಕಿದವರಿಂದಲೇ ಹೆಚ್ಚು ಹಾನಿಯಾಗುತ್ತದೆ. ಒಬ್ಬ ರೈತ ಒಬ್ಬನೇ ಹೋಗಿ ಕಚೇರಿಯ ಮುಂದೆ ನಿಲ್ಲಲು ಅಂಜುತ್ತಾನೆ, ಅದು ಸಹಜ. ಸಂಘ ಅವನ ಬೆನ್ನಿಗೆ ನಿಂತು ತನ್ನ ಹೆಸರಿನಲ್ಲಿ ಕಾಗದ ಬರೆದರೆ ಆ ಅಂಜಿಕೆ ಹೋಗುತ್ತದೆ. ಸಾಹುಕಾರನ ಮುಂದೆ ಒಬ್ಬೊಬ್ಬರೇ ನಿಲ್ಲುವ ಕಷ್ಟ ತಪ್ಪಲಿ ಅಂತ ಅಲ್ಲವೇ ಸಹಕಾರಿ ಸಂಘ ಹುಟ್ಟಿದ್ದು?

ಲೋಕದ ಅನೇಕ ಕಡೆ ಹಳೆಯ ಕಲ್ಲಿನ ಕೊಡಲಿಯನ್ನು ಸಿಡಿಲಿನ ಜೊತೆ ಬಿದ್ದ ಕಲ್ಲು ಅಂತ ಜನ ನಂಬಿದ್ದರು. ನಮ್ಮಲ್ಲಿಯೂ ಮರದ ಕೆಳಗಿನ ಕಟ್ಟೆಯ ಮೇಲೆ ಇಂಥ ಕಲ್ಲಿಗೆ ಕುಂಕುಮ ಹಚ್ಚಿಟ್ಟಿರುತ್ತಾರೆ. ಪೂಜೆ ನಡೆಯಲಿ, ಬೇಡ ಅನ್ನುವುದಿಲ್ಲ. ಅದು ಮುಗಿಲಿನಿಂದ ಬಿದ್ದದ್ದಲ್ಲ, ಯಾವನೋ ಒಬ್ಬ ಒಕ್ಕಲಿಗ ಬಂಡೆಯ ಮೇಲೆ ದಿನಗಟ್ಟಲೆ ತಿಕ್ಕಿ ಮಾಡಿದ್ದು ಎಂದು ಮಕ್ಕಳಿಗೆ ಹೇಳಿರಿ. ಸಾಲಿಯ ಗುರುಗಳು ವರ್ಷಕ್ಕೆ ಒಮ್ಮೆ ಬಾದಾಮಿ, ಐಹೊಳೆಗೆ ಮಕ್ಕಳನ್ನು ಕರೆದೊಯ್ಯುತ್ತಾರೆ. ಅದರ ಜೊತೆಗೆ ಬಳ್ಳಾರಿಯಲ್ಲಿ ಬ್ರೂಸ್ ಫೂಟ್ ಅವರ ಹೆಸರಿನಲ್ಲಿರುವ ವಸ್ತುಸಂಗ್ರಹಾಲಯಕ್ಕೂ ಒಮ್ಮೆ ಹೋಗಿಬರಲಿ. ರಾಜರ ಕಲ್ಲು ನೋಡಿದ ಕಣ್ಣು ರೈತರ ಕಲ್ಲನ್ನೂ ನೋಡಲಿ.

ಇನ್ನು ಇಪ್ಪತ್ತೈದು ವರ್ಷಕ್ಕೆ ಈ ಸಂಘ ಸುವರ್ಣ ಮಹೋತ್ಸವ ಮಾಡುತ್ತದೆ. ಆ ದಿನದ ಸ್ಮರಣ ಸಂಚಿಕೆಯಲ್ಲಿ ಸಾಲ, ಠೇವಣಿ, ಲಾಭದ ಅಂಕಿಸಂಖ್ಯೆಯ ಜೊತೆಗೆ ನಮ್ಮ ಸುತ್ತಲಿನ ಹಳೆಯ ನೆಲೆಗಳ ಒಂದು ಪಟ್ಟಿಯೂ ಅಚ್ಚಾಗಲಿ ಎಂಬುದು ನನ್ನ ಆಸೆ. ಆ ಪಟ್ಟಿ ಬರೆಯುವ ವಹಿಯನ್ನು ಇವತ್ತೇ ತೆರೆಯಬೇಕೆಂದು ಅಧ್ಯಕ್ಷರಲ್ಲಿಯೂ ಕಾರ್ಯದರ್ಶಿಗಳಲ್ಲಿಯೂ ವಿನಂತಿಸುತ್ತೇನೆ.